ಬೈತಖೋಲ, ಗುರುವಾರ

ಮಂಜುಗಡ್ಡೆಗೆ ಇಲ್ಲಿ ಮರ್ಯಾದೆಯಿದೆ.
ಬೆಳಗಿನ ಐದಕ್ಕೆ ಐಸ್ ಪ್ಲಾಂಟಿನ ಬಾಯಿಂದ
ಜಾರಿ ಬೀಳುವ ಬಿಳಿ ದಿಮ್ಮಿಗಳನ್ನು
ಕುಟ್ಟಿ, ಬಂಗಡೆಯ ಮೇಲೆ ಹೊದಿಸುತ್ತಾರೆ.
ಹಾಗಾಗಿ ನನ್ನ ನೀಲಿ ಡಬ್ಬಿ ಕಂಡರೆ ನಗು:
"ಎಂತ ಸಿಸ್ಟರೇ, ಇವತ್ತು ಎಷ್ಟು ಬುಟ್ಟಿ ಮೀನು?"
ಒಳಗೆ ನಾಲ್ಕು ಐಸ್ ಪ್ಯಾಕು,
ನಡುವೆ ಹೆಬ್ಬೆರಳಿನಷ್ಟು ಗಾಜು.

ಮಾಣಕು ಹರಿಕಂತ್ರಳ ಮನೆಗೆ ಮಾತ್ರ ಅಡ್ಡ ಇತ್ತು.
ಬಾಗಿಲಲ್ಲ, ಬಲೆ.
ದಾರಂದದ ಈ ತುದಿಯಿಂದ ಆ ತುದಿಗೆ ಹರವಿಕೊಂಡು
ಮಗನ ಬಲೆಯ ಹರಿದ ಕಣ್ಣು ಹೆಣೆಯುತ್ತ ಕೂತಿದ್ದಳು.
ಹಿಂದೆ ಮೊಮ್ಮಗಳು ಪ್ರಣಿತಾ, ಹನ್ನೊಂದು ತಿಂಗಳು,
ಒಂದು ಕಣ್ಣಿನಲ್ಲಿ ಮೂಗು ತೂರಿಸಿ
ನನ್ನನ್ನೇ ನೋಡುತ್ತ.

ಫೋನು ಎತ್ತಿ ಕೇಳಿಸಿದಳು.
ಗಂಡಸಿನ ದನಿ. ಹೆಸರಿಲ್ಲ, ಊರಿಲ್ಲ,
ಹಿಂದೆ ಫ್ಯಾನು ತಿರುಗುವ ಸದ್ದು.
ಈ ಸೂಜಿ ಚುಚ್ಚಿಸಿಕೊಂಡ ಹೆಣ್ಣಿಗೆ
ಮುಂದೆ ಮಡಿಲು ತುಂಬುವುದಿಲ್ಲವಂತೆ.

"ಸುಳ್ಳು" ಎಂದೆ.
"ಇರಬಹುದು" ಎಂದಳು, ತಲೆಯೆತ್ತದೆ.
"ಆದರೆ ಇವ ಯಾವ ಕಾಗದಕ್ಕೂ ನನ್ನ ಹೆಬ್ಬೆಟ್ಟು ಕೇಳಲಿಲ್ಲ.
ಅರ್ಗಾದಿಂದ ನಮ್ಮನ್ನು ಎಬ್ಬಿಸಿದರಲ್ಲ, ನೌಕಾನೆಲೆಗೆ,
ಆಗ ಬಂದವರೂ ನಿನ್ನ ಹಾಗೇ ಮೆತ್ತಗೆ ಮಾತಾಡಿದ್ದರು.
ಎಲ್ಲರ ಒಳ್ಳೆಯದಕ್ಕೆ ಅಂದರು.
ಎಲ್ಲರು ಅಂದರೆ ಯಾರು ಸಿಸ್ಟರೇ?
ಆ ಲೆಕ್ಕದಲ್ಲಿ ನಾನಿದ್ದೆನಾ?"

ತರಬೇತಿಯಲ್ಲಿ ಕೊಟ್ಟ ಉತ್ತರ ಚೀಲದಲ್ಲಿತ್ತು,
ನಗುವ ಮಗುವಿನ ಬಣ್ಣದ ಚಿತ್ರದೊಂದಿಗೆ.
ತೆಗೆಯಲಿಲ್ಲ.

"ಜೂನ್ ಬಂದರೆ ಬೋಟು ಕಟ್ಟಿಹಾಕುತ್ತೀರಲ್ಲ, ಯಾರಿಗಾಗಿ?"
"ಮೊಟ್ಟೆಯಿಡುವ ಮೀನಿಗಾಗಿ."
"ಒಬ್ಬ ಕದ್ದು ಹೋದರೆ?"
"ಒಬ್ಬ ಹೋದರೆ ಸಮುದ್ರ ಬರಿದಾಗುವುದಿಲ್ಲ.
ಆದರೆ ಒಬ್ಬ ಅಂತ ಒಬ್ಬನೇ ಹೋಗುತ್ತಾನಾ?"
ತನ್ನ ಮಾತು ತನಗೇ ಕೇಳಿಸಿತೇನೋ,
ಬಲೆಯ ಸೂಜಿ ಅಲ್ಲೇ ನಿಂತಿತು.
ಮರುಗಳಿಗೆ: "ಅದು ಮೀನು ಮಾರಾಯ್ತಿ. ಇದು ನನ್ನ ಮಗು."

ಅದಕ್ಕೆ ಏನು ಹೇಳಲಿ. ಅವಳದೇ ಮಗು.

ಗೋಡೆಯಾಚೆ ಫಿಲೋಮಿನಾಳ ಕೂಸು ಎದ್ದು ಅತ್ತಿತು.
ಐದು ತಿಂಗಳು. ದಡಾರದ ಸೂಜಿಗೆ ಒಂಬತ್ತು ತುಂಬಬೇಕು.
ಅಲ್ಲಿಯವರೆಗೆ ಅದಕ್ಕೆ ಸ್ವಂತದ ತಡೆಯಿಲ್ಲ,
ಸುತ್ತಲಿನವರ ತೋಳುಗಳೇ ಬೇಲಿ.
ಈ ಕೇರಿಯಲ್ಲಿ ಎರಡು ಮನೆಗೆ ಒಂದೇ ಗೋಡೆ,
ಯಾರು ಕೆಮ್ಮಿದರು ಎಂದು ಗೋಡೆಗೂ ಗೊತ್ತಾಗುವುದಿಲ್ಲ.
ಒಬ್ಬಳ ಇಷ್ಟ ಎಲ್ಲಿ ಮುಗಿದು
ಇನ್ನೊಬ್ಬಳ ತೊಟ್ಟಿಲು ಎಲ್ಲಿ ಶುರುವಾಗುತ್ತದೆ,
ಅಳೆಯುವ ಟೇಪು ಇಲಾಖೆ ಕೊಟ್ಟಿಲ್ಲ.
ಕೊಟ್ಟದ್ದು ರಿಜಿಸ್ಟರು.

ಮೇಲಿನವರ ಫೋನು ಬಂತು:
"ರೇಷನ್ ಕಾರ್ಡಿನ ಮಾತೆತ್ತು, ತಾನಾಗೇ ದಾರಿಗೆ ಬರ್ತಾಳೆ."
ಬರುತ್ತಿದ್ದಳು. ನನಗೂ ಗೊತ್ತು.
ಬಂದು, ಇನ್ನು ಮೂವತ್ತು ವರ್ಷ
ಆ ಫ್ಯಾನಿನ ಸದ್ದನ್ನೇ ನಂಬುತ್ತಿದ್ದಳು.

ಡಬ್ಬಿ ಬೆವರುತ್ತಿತ್ತು. ಎದ್ದೆ.
"ಜ್ವರ ಬರ್ತದಾ?" ಬೆನ್ನಿಗೆ ಬಿತ್ತು ಪ್ರಶ್ನೆ.
"ಬರಬಹುದು. ಒಂದು ದಿನ, ಎರಡು ದಿನ."
"ರಾತ್ರಿ ಬಂದರೆ?"
"ಫೋನ್ ಮಾಡು. ಬರ್ತೇನೆ."
ಬಲೆ ಸರಿಸಲಿಲ್ಲ. ನನ್ನ ನಂಬರು ಮಾತ್ರ
ಸುಣ್ಣದ ಗೋಡೆಯ ಮೇಲೆ ಇದ್ದಿಲಿನಿಂದ ಬರೆಸಿಕೊಂಡಳು,
ಐಸಿನ ಬಾಕಿ ಲೆಕ್ಕದ ಕೆಳಗೆ.

ಜೆಟ್ಟಿಯ ತುದಿಯಲ್ಲಿ ಕೂತು ರಿಜಿಸ್ಟರು ಬಿಡಿಸಿದೆ.
ಪ್ರಣಿತಾ, ಹನ್ನೊಂದು ತಿಂಗಳು.
ಮುಂದೆ, ನಿರಾಕರಣೆ ಎಂಬ ಕಾಲಮ್ಮು.
ಗಾಳಿಗೆ ಹಾಳೆ ನಿಲ್ಲದು, ಮೊಣಕೈ ಊರಿ ಹಿಡಿದೆ.
ಪೆನ್ನು ಜೇಬಿನಲ್ಲೇ ಇತ್ತು.
ಚೀಲದ ತಳದಲ್ಲಿ
ಪೆನ್ಸಿಲು ಹುಡುಕಿದೆ.